ಆಮೆಕಲ್ಲಿನವರೆಗಿನ ನೀರು

ನಮ್ಮೂರಿನಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಒಂದು ಬಂಡೆಯಿದೆ. ಇಳಿತದಲ್ಲಿ ಅದು ಬೆನ್ನು ಕಾಯಿಸಲು ಮೇಲೆದ್ದ ಆಮೆಯಂತೆ ಕಾಣುತ್ತದೆ. ಭರತದಲ್ಲಿ ಇರುವುದೇ ಇಲ್ಲ. ಊರವರು ಅದನ್ನು ಆಮೆಕಲ್ಲು ಎನ್ನುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ದೇವರಿಗೆ ದೀಪ ಹಚ್ಚಿ ಹೊರಗೆ ಬಂದು ಅದಕ್ಕೂ ಕೈ ಮುಗಿಯುತ್ತಿದ್ದೆ. ಭೂಮಿಯನ್ನು ಹೊತ್ತವನ ನೆನಪಾಗುತ್ತಿತ್ತು. ಈಗ ಕೈ ಮುಗಿಯುವುದಿಲ್ಲ.

ನಮ್ಮ ಒಬ್ಬನೇ ಮಗ ಯಶವಂತ ಆ ಕಲ್ಲಿನ ಮೇಲೆ ಚಿಪ್ಪು ಆಯಲು ಹೋಗಿದ್ದಾಗ ಅವನ ಸಣ್ಣ ದೋಣಿಯ ಹಗ್ಗ ಬಿಚ್ಚಿಕೊಂಡು ದೋಣಿ ತೇಲಿಹೋಯಿತು. ಈಜು ಬಲ್ಲವನೇ. ಆದರೆ ಅಳಿವೆಯಲ್ಲಿ ಹೊಳೆಯೂ ಕಡಲೂ ಎದುರುಬದುರಾಗಿ ಗುದ್ದಾಡುವ ಹೊತ್ತಿನಲ್ಲಿ ಈಜು ಯಾರನ್ನೂ ಕಾಯುವುದಿಲ್ಲ. ಅವನು ಅಂಗಿ ಬಿಚ್ಚಿ ಬೀಸಿದ. ದೋಣಿ ಕಟ್ಟುವ ಧಕ್ಕೆಯಲ್ಲಿದ್ದ ನಮ್ಮ ಯಜಮಾನರು ಕಂಡ ಕೂಡಲೇ ತಮ್ಮ ಪಂದ್ಯದ ದೋಣಿಯನ್ನು ಬಿಚ್ಚಿದರು. ಅವರು ಅಲ್ಲಿಗೆ ಮುಟ್ಟುವಾಗ ಕಲ್ಲೂ ಇರಲಿಲ್ಲ, ಮಗನೂ ಇರಲಿಲ್ಲ.

ಮಾತಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳಿದರು. "ದಾಮಣ್ಣನ ದೋಣಿಗೇ ಆಗದ್ದು ಯಾವ ದೋಣಿಗೂ ಆಗುತ್ತಿರಲಿಲ್ಲ. ಮಗನ ಆಯುಸ್ಸೇ ಅಷ್ಟು, ತಾಯಿ." ಸುಳ್ಳಲ್ಲ. ಬೇಸಗೆಯ ಕೊನೆಯಲ್ಲಿ ನಮ್ಮ ಹೊಳೆಯಲ್ಲಿ ನಡೆಯುವ ಎಂಜಿನ್ ದೋಣಿಗಳ ಪಂದ್ಯದಲ್ಲಿ ಯಜಮಾನರನ್ನು ಹಿಂದೆ ಹಾಕಿದವರಿರಲಿಲ್ಲ. ನಾನು ಆ ಮಾತನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡೆ. ಜಪ ಮುಗಿದ ಮೇಲೆ ಅದನ್ನೂ ಒಂದು ಸಲ ಹೇಳಿಕೊಂಡರೆ ಮಾತ್ರ ನನಗೆ ಕಣ್ಣು ಹತ್ತುತ್ತಿತ್ತು.

ಯಜಮಾನರು ಮಾತು ಬಿಟ್ಟರು. ಮಳೆಗಾಲವಿಡೀ ಹಾಗೇ ಇದ್ದರು. ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಲಾದ್ರು ಕೈಗಾಡಿ ತಳ್ಳಿಕೊಂಡು ಅಂಗಳಕ್ಕೆ ಬಂದ. ಧಕ್ಕೆಯ ಹತ್ತಿರ ಯಂತ್ರದ ಬಿಡಿಭಾಗ ಕಡೆಯುವ ಲೇತಿನ ಅಂಗಡಿ ಇಟ್ಟಿದ್ದವನು. ಯಜಮಾನರ ಬಾಲ್ಯದ ಗೆಳೆಯ. ಗಾಡಿಯಲ್ಲಿ ಗೋಣಿ ಸುತ್ತಿದ ಏನೋ ಇತ್ತು.

"ಏನದು ಲಾದ್ರು?"

"ಸೂಪರ್‌ಚಾರ್ಜರ್ ಅತ್ತಿಗೆ. ಕಮ್ಮಾರನ ತಿದಿ ಇದೆಯಲ್ಲ, ಅದರ ಅಣ್ಣ. ಎಂಜಿನ್ನು ತಾನಾಗಿ ಎಷ್ಟು ಉಸಿರು ಎಳೆಯುತ್ತದೋ ಅಷ್ಟರಲ್ಲೇ ಓಡಬೇಕು. ಇದು ಗಾಳಿಯನ್ನು ಒತ್ತಿ ಒತ್ತಿ ತುರುಕುತ್ತದೆ, ಹೊಸ ಅಳಿಯನಿಗೆ ಅತ್ತೆ ಬಡಿಸಿದ ಹಾಗೆ."

ಹೇಳಿದವನೂ ನಗಲಿಲ್ಲ. ಬಾಯಿ ಅಭ್ಯಾಸದಿಂದ ಆಡಿತ್ತು, ಅಷ್ಟೆ.

ಊರಿಗೆ ಸುದ್ದಿ ಹಬ್ಬಿತು. ಮೀನು ಪೇಟೆಯಲ್ಲಿ ನನ್ನ ಬೆನ್ನ ಹಿಂದೆಯೇ ಒಬ್ಬಳು ಹೇಳಿದಳು, "ಮಗ ಹೋಗಿ ವರ್ಷ ತುಂಬಿಲ್ಲ, ಅಪ್ಪನಿಗೆ ಪಂದ್ಯದ ಕಪ್ಪಿನ ಹುಚ್ಚು." ಇನ್ನೊಬ್ಬಳು, "ಆ ಕಪ್ಪಿನಲ್ಲೇ ಎಳ್ಳುನೀರು ಬಿಡುತ್ತಾನೋ ಏನೋ" ಎಂದಳು. ನಾನು ಬುಟ್ಟಿ ಎತ್ತಿಕೊಂಡು ಬಂದೆ. ಗಂಡಸಿನ ಕೈಗೆ ಕೆಲಸ ಸಿಕ್ಕಿತಲ್ಲ, ದೇವರು ದೊಡ್ಡವನು ಎಂದುಕೊಂಡೆ.

ಆ ಯಂತ್ರವನ್ನು ಕೂರಿಸುವುದು ಸುಲಭವಾಗಿರಲಿಲ್ಲ. ಎಂಜಿನ್ನಿನ ಗಾಲಿಯಿಂದ ಅದರ ಗಾಲಿಗೆ ಒಂದು ಬೆಲ್ಟು. ಎರಡು ಗಾಲಿಗಳೂ ಒಂದೇ ಗೆರೆಯಲ್ಲಿ ಇರಬೇಕು. ಮೊದಲ ಸಲ ಚಾಲೂ ಮಾಡಿದಾಗ ಬೆಲ್ಟು ಹಾರಿ ಲಾದ್ರುವಿನ ಟೊಪ್ಪಿಯನ್ನು ಹೊಳೆಗೆ ಒಯ್ದಿತು. "ಒಳಗಿನ ತಲೆ ಅಲ್ಲೇ ಇದೆಯಾ ನೋಡಿ ಅತ್ತಿಗೆ" ಎಂದ. ಎರಡನೆಯ ಸಲ ಬೆಲ್ಟು ನಿಂತಿತು. ಆದರೆ ಹೆಚ್ಚಿನ ಗಾಳಿಗೆ ತಕ್ಕಷ್ಟು ಪೆಟ್ರೋಲು ಹೋಗಲಿಲ್ಲ. ಎಂಜಿನ್ನು ಒಳಗೊಳಗೇ ಕಾದು ಪಿಸ್ಟನ್ನಿನ ನೆತ್ತಿಯಲ್ಲಿ ತೂತು ಬಿತ್ತು.

ಆ ದಿನ ಯಜಮಾನರು ಮನೆಗೆ ಬಂದು ಗಂಜಿಯನ್ನು ಎರಡನೆಯ ಸಲ ಹಾಕಿಸಿಕೊಂಡರು. ಮಲಗಿದ ಕೂಡಲೇ ಗೊರಕೆ ಹೊಡೆದರು. ಎಷ್ಟೋ ತಿಂಗಳ ಮೇಲೆ ಆ ಸದ್ದು ಕೇಳಿ ನಾನು ಕತ್ತಲಲ್ಲಿ ಕೈ ಮುಗಿದೆ. ಹೊಸ ಪಿಸ್ಟನ್ನು ಬಂದು, ಲಾದ್ರು ಪೆಟ್ರೋಲಿನ ದಾರಿಯನ್ನು ದೊಡ್ಡದು ಮಾಡಿ, ಎಂಜಿನ್ನು ಸರಿಯಾಗಿ ಓಡಿದ ದಿನ ಅವರು ತಟ್ಟೆಯ ಮುಂದೆ ಕೂತು ಹಾಗೇ ಎದ್ದರು. ಕೆಟ್ಟ ದಿನ ಉಂಡವರು ಒಳ್ಳೆಯ ದಿನ ಉಣ್ಣಲಿಲ್ಲ. ನನಗೆ ಅರ್ಥವಾಗಲಿಲ್ಲ.

ನಮ್ಮ ತೀರದಲ್ಲಿ ಭರತ ಇಳಿತಗಳನ್ನು ತಿಥಿಯಿಂದ ಲೆಕ್ಕ ಹಾಕುತ್ತಾರೆ. ಅದೇ ಮಾಸ, ಅದೇ ತಿಥಿ ಬಂದರೆ ಕಡಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಷ್ಟೇ ಏರುತ್ತದೆ. ಹಾಗಾಗಿ ನೀರಿನಲ್ಲಿ ಹೋದವರ ವರ್ಷಾಂತಿಕದ ದಿನ ನೀರು ತನ್ನ ಕೆಲಸವನ್ನು ಇನ್ನೊಮ್ಮೆ ಮಾಡಿ ತೋರಿಸುತ್ತದೆ. ಆ ದಿನ ಭಟ್ಟರನ್ನು ಕಳಿಸಿಕೊಟ್ಟು ಯಜಮಾನರು ಅಡುಗೆಮನೆಯ ಬಾಗಿಲಿಗೆ ಬಂದರು.

"ಇವಳೇ, ಧಕ್ಕೆಗೆ ಬಾ. ಇವತ್ತು ನೋಡಬೇಕು."

"ಏನನ್ನು?"

"ಅವತ್ತು ನಾನು ಹಗ್ಗ ಬಿಚ್ಚುವಾಗ ನೀರು ಧಕ್ಕೆಯ ಗೋಡೆಯಲ್ಲಿ ಹಗ್ಗ ಕಟ್ಟುವ ಕಬ್ಬಿಣದ ಬಳೆ ಮುಟ್ಟಿತ್ತು. ಇವತ್ತೂ ಬಳೆ ಮುಟ್ಟಿದಾಗಲೇ ಬಿಚ್ಚುತ್ತೇನೆ."

"ಇದೆಲ್ಲ ಪಂದ್ಯಕ್ಕೆ ಅಂತ ಅಲ್ಲವೇ?"

ಅವರು ಹೊಸ್ತಿಲ ಮೇಲೆ ಕುಕ್ಕರಿಸಿದರು. "ಆ ಯಂತ್ರ ಹೊಸತಲ್ಲ ಕಣೆ. ಅವನಿರುವಾಗಲೇ ತಂದದ್ದು. ಲಾದ್ರುವಿನ ಅಂಗಡಿಯಲ್ಲಿ ಗೋಣಿ ಹೊದ್ದು ಬಿದ್ದಿತ್ತು. 'ಅಪ್ಪ, ಯಾವಾಗ ಕೂರಿಸೋದು?' ಅಂತ ದಿನಾ ಕೇಳುತ್ತಿದ್ದ. 'ಹೀಗೇ ಗೆಲ್ತಾ ಇದ್ದೀವಲ್ಲ, ಬರುವ ವರ್ಷ ನೋಡೋಣ' ಅಂದೆ."

ನನ್ನ ಕೈಯಲ್ಲಿದ್ದ ಸೌಟು ಎಲ್ಲಿಟ್ಟೆನೋ ತಿಳಿಯದು. "ನಿಮ್ಮ ದಮ್ಮಯ್ಯ, ಬೇಡ. ಯಾವ ದೋಣಿಗೂ ಆಗುತ್ತಿರಲಿಲ್ಲ ಅಂತ ಊರೇ ಹೇಳಿದೆ."

"ನನಗೂ ಅದೇ ಬೇಕು. ಇದಿದ್ದರೂ ಕಲ್ಲು ಮುಳುಗುವ ಮೊದಲು ಮುಟ್ಟಲು ಆಗುತ್ತಿರಲಿಲ್ಲ ಅಂತ ಒಮ್ಮೆ ಕಣ್ಣಿಗೆ ಕಂಡುಬಿಟ್ಟರೆ ಸಾಕು. ಆಮೇಲೆ ನಿನ್ನ ಪಕ್ಕ ದೇವರ ಮುಂದೆ ಕೂರುತ್ತೇನೆ."

"ಹಾಗಾದರೆ ನಿಧಾನವಾಗಿ ಓಡಿಸಿ."

ಅವರು ನನ್ನನ್ನೇ ನೋಡಿದರು. "ಅವನಿಗೆ ಸುಳ್ಳು ಹೇಳಲೇನೆ?" ಎಂದರು.

ಧಕ್ಕೆಯಲ್ಲಿ ಜನ ಸೇರಿದ್ದರು. ಪಂದ್ಯ ಹತ್ತಿರವಾಗಿತ್ತು, ಇದು ಅದಕ್ಕೇ ನಡೆಸುವ ಪರೀಕ್ಷೆ ಎಂದು ಎಲ್ಲರೂ ತಿಳಿದಿದ್ದರು. ಲಾದ್ರು ಮಾತ್ರ ದೂರ ನಿಂತಿದ್ದ. ನಾನು ಹತ್ತಿರ ಹೋದೆ.

"ಸರಿಯಾಗಿ ಕೂತಿದೆಯೇ?"

"ಕೂತಿದೆ ಅತ್ತಿಗೆ. ಒಂದು ಬೋಲ್ಟು ಸಡಿಲ ಬಿಡೋಣ ಅಂತ ಕೈ ಹೋಯಿತು. ದಾಮು ಹಿಂದೆಯೇ ಬಂದು ಬಿಗಿ ಮಾಡಿದ."

ನೀರು ಬಳೆಯನ್ನು ಮುಟ್ಟಿತು. ಯಜಮಾನರು ಹಗ್ಗ ಬಿಚ್ಚಿದರು. ಎಂಜಿನ್ನಿನ ಗುಡುಗು ಹಳೆಯದೇ. ಅದರ ಮೇಲೆ ಸಣ್ಣಗೆ ಒಂದು ಊಳು ಹೊಸದಾಗಿ ಕೇಳಿತು. ಹೋದ ದೋಣಿಗಳೆಲ್ಲ ಸುಖವಾಗಿ ಮರಳಲಿ ಎಂದು ಜೀವಮಾನವಿಡೀ ಬೇಡಿದವಳು ನಾನು. ಅಂದು ಕಣ್ಣು ಮುಚ್ಚಿ ಬೇಡಿದ್ದು ಒಂದೇ: ದೇವರೇ, ಬೆಲ್ಟು ಹರಿಯಲಿ.

ಹರಿಯಲಿಲ್ಲ. ದೋಣಿಯ ಮೂತಿ ಎದ್ದಿತು. ಒಳನುಗ್ಗುವ ನೀರಿನ ಎದುರು ಅದು ಅಲೆಯಿಂದ ಅಲೆಗೆ ಜಿಗಿಯಿತು. "ಹಾರ್ತಿದೆ ನೋಡ್ರೋ!" "ಈ ಸಲವೂ ಕಪ್ಪು ಬೇರೆಯವರ ಬಾಯಿಗಿಲ್ಲ!" ಎಂದು ಜನ ಕೂಗಿದರು, ಸಿಳ್ಳೆ ಹಾಕಿದರು. ಆಮೇಲೆ ಸದ್ದು ಇಳಿಯಿತು. ನಾನು ಹಣೆಗೆ ಕೈ ಅಡ್ಡ ಹಿಡಿದು ನೋಡಿದೆ. ನೀರಿನ ನಡುವೆ ಒಬ್ಬ ಮನುಷ್ಯ ನಿಂತಿದ್ದ.

ಕಲ್ಲು ಇನ್ನೂ ಇತ್ತು. ಯಜಮಾನರು ಅದರ ಮೇಲೆ ಇಳಿದಿದ್ದರು. ಒಂದು ಕೈಯಲ್ಲಿ ದೋಣಿಯ ಹಗ್ಗ. ಒಮ್ಮೆ ಸ್ವಲ್ಪ ಪಕ್ಕಕ್ಕೆ ಸರಿದರು, ಇನ್ನೊಬ್ಬರಿಗೆ ಜಾಗ ಬಿಡುವ ಹಾಗೆ. ಜನ ಚಪ್ಪಾಳೆ ತಟ್ಟಿದರು. ಅವರು ಬರಲಿಲ್ಲ. ನೀರು ಮೊಣಕಾಲಿಗೆ ಬಂತು. ಚಪ್ಪಾಳೆ ನಿಂತಿತು. "ದಾಮೂ, ಸಾಕು! ಬಾರೋ!" ಎಂದು ಲಾದ್ರು ಗಂಟಲು ಹರಿಯುವಂತೆ ಕೂಗಿದ. ತೊಡೆಯ ಮೇಲೆ ನೀರು ಬಂದಾಗ ಅವರು ದೋಣಿ ಹತ್ತಿದರು.

ನಿಧಾನವಾಗಿ ಮರಳಿದರು. ಹೆಗಲ ಮೇಲೆ ಎತ್ತಿಕೊಳ್ಳಲು ಹೋದವರು ಅವರ ಮುಖ ನೋಡಿ ಕೈ ಇಳಿಸಿದರು. ಅವರು ನೇರವಾಗಿ ನನ್ನ ಬಳಿ ಬಂದು, ನನಗಷ್ಟೇ ಕೇಳುವಂತೆ ಹೇಳಿದರು:

"ಒಂದು ಬೀಡಿ ಸೇದುವಷ್ಟು ಹೊತ್ತು ಮಿಕ್ಕಿತ್ತು ಕಣೆ."

ಆ ವರ್ಷದ ಪಂದ್ಯಕ್ಕೆ ಅವರು ಹೋಗಲಿಲ್ಲ, ಮುಂದೆಯೂ ಹೋಗಲಿಲ್ಲ. ದೇವರ ಮುಂದೆ ಕೂರಲೂ ಇಲ್ಲ. ನಾನು ದೇವರನ್ನು ಬಿಡಲಿಲ್ಲ. ಬಿಟ್ಟು ಯಾರ ಬಳಿಗೆ ಹೋಗಲಿ? ದೀಪ ಹಚ್ಚುತ್ತೇನೆ, ನಾಮ ಹೇಳುತ್ತೇನೆ. ಆಯುಸ್ಸೇ ಅಷ್ಟು ಎಂಬ ಮಾತು ಮಾತ್ರ ಮತ್ತೆ ಬಾಯಿಗೆ ಬರಲಿಲ್ಲ. ಸಾವಾದ ಮನೆಗೆ ಹೋದರೆ ತಾಯಂದಿರ ಪಕ್ಕ ಸುಮ್ಮನೆ ಕೂತು ಬರುತ್ತೇನೆ. ಏನೂ ಹೇಳದವಳು ಎಂದು ಕೆಲವರು ನೊಂದುಕೊಂಡದ್ದೂ ಉಂಟು.

ಯಜಮಾನರು ಆ ಯಂತ್ರವನ್ನು ಕಳಚಲಿಲ್ಲ. ಭರತ ಏರುವ ಹೊತ್ತಿಗೆ ದಿನವೂ ಧಕ್ಕೆಗೆ ಹೋಗಿ, ದೋಣಿಯಲ್ಲಿ ಕೂತು, ಎಂಜಿನ್ನು ಬಿಸಿ ಮಾಡಿಟ್ಟುಕೊಂಡು ಅಳಿವೆಯ ಕಡೆ ನೋಡುತ್ತಿದ್ದರು. ಯಾರಿಗಾದರೂ ಬೇಕಾದೀತು ಎಂದು. ಯಾರಿಗೂ ಬೇಕಾಗಲಿಲ್ಲ. ಯಶವಂತ ಹೋದ ಮೇಲೆ ಆ ಕಲ್ಲಿಗೆ ಕಾಲಿಡುವವರೇ ಇರಲಿಲ್ಲ. ಆದರೂ ಅವರು ಬದುಕಿರುವವರೆಗೆ, ಜ್ವರವಿದ್ದರೂ, ಮೊಣಕಾಲು ಹಿಡಿದಿದ್ದರೂ ತಪ್ಪಿಸಲಿಲ್ಲ. ನಾನು ಚಹಾ ಒಯ್ದು ದೋಣಿಯೊಳಗೆ ಅವರ ಎದುರು ಹಲಗೆಯ ಮೇಲೆ ಕೂರುತ್ತಿದ್ದೆ. ನೀರು ತುಂಬುತ್ತ ತುಂಬುತ್ತ ಕಟ್ಟಿದ ದೋಣಿಯನ್ನು ಮೆಲ್ಲಗೆ ಎತ್ತಿ, ಅದರ ಅಂಚನ್ನು ಧಕ್ಕೆಯ ಕಲ್ಲಿಗೆ ಸಮ ಮಾಡುತ್ತಿತ್ತು. ಆಗ ನಾನು ಮೊದಲು ಇಳಿದು ಅವರಿಗೆ ಕೈ ಕೊಡುತ್ತಿದ್ದೆ. ಅಷ್ಟು ಹೊತ್ತೂ ಎಂಜಿನ್ನಿನ ಮೇಲೆ ಇಟ್ಟುಕೊಂಡಿರುತ್ತಿದ್ದ ಆ ಕೈ, ಮಳೆಯ ದಿನಗಳಲ್ಲಿಯೂ, ಬಿಸಿಯಾಗಿರುತ್ತಿತ್ತು.