ಕಣದ ನಡುವಿನ ಕುಣಿ

ಪುಣೆಯ ಗಾಲ್ಫ್ ಮೈದಾನದಲ್ಲಿ ಸಾಹೇಬರ ಕೋಲಿನ ಚೀಲ ಹೊತ್ತು ಅರ್ಧ ಆಯುಷ್ಯ ಸವೆಸಿದ ಶಮಶುದ್ದೀನ, ತನ್ನೂರು ಹೊರ್ತಿಗೆ ಮರಳುವಾಗ ತಂದದ್ದು ಮೊಣಕಾಲು ನೋವು, ಎರಡು ಹಳೆಯ ಕೋಲು ಮತ್ತು ಒಂದಿಷ್ಟು ಸವೆದ ಚೆಂಡು. ಊರವರಿಗೆ ನಗಲು ಅಷ್ಟು ಸಾಕಾಯಿತು. ರಾಶಿ ಮಾಡುವ ಮಷೀನು ಬಂದ ಮೇಲೆ ಹಾಳುಬಿದ್ದಿದ್ದ ಕಣವನ್ನು ಅವನು ಸಾರಿಸಿ ನುಣುಪು ಮಾಡಿ, ನಡುವೆ ತಂಬಿಗೆ ಇಳಿಯುವಷ್ಟು ಕುಣಿ ತೋಡಿದ. ಜೋಳ ಕೊಯ್ದ ಹೊಲದಲ್ಲಿ ಸಂಜೆ ಸಂಜೆ ಮಗ ಸಾಹಿಲನ ಜೊತೆ ಆಡಿದ. ಅಪ್ಪ ಮಗ ಇಬ್ಬರಿಗೂ ತಲೆ ಕೆಟ್ಟಿದೆ ಎನ್ನದವರೇ ಇರಲಿಲ್ಲ.

ಸಾಹಿಲ ಇಂಡಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಾಗ ನಗು ನಿಂತಿತು. ನಮ್ಮ ಕಡೆ ಕುಣಿ ಎಂದರೆ ಬರಿ ತೆಗ್ಗಲ್ಲ, ಹೆಣ ಇಡುವ ಗುಂಡಿಯೂ ಹೌದು. ತೋಡಿದ ಕುಣಿಯನ್ನು ಬರಿದಾಗಿ ಬಿಟ್ಟರೆ ಅದು ಯಾರನ್ನಾದರೂ ಕೇಳುತ್ತದೆ ಎನ್ನುವವರಿದ್ದಾರೆ. ಶಮಶುದ್ದೀನನ ಹೆಂಡತಿ ಜೋಹರಾಬಿ ಮಗನ ದಫನ್ ಆದ ಮರುದಿನವೇ ಹೊಲಕ್ಕೆ ಹೋಗಿ ಅದನ್ನು ಕಾಲಿನಿಂದ ಮುಚ್ಚಿ ಬಂದಳು.

"ನೀವು ತೋಡಿದ್ರಿ. ಅದು ನನ್ನ ಮಗನ್ನ ಕೇಳ್ತು" ಎಂದಳು.

ಆಮೇಲೆ ಗಂಡನ ಜೊತೆ ಮಾತು ಬಿಟ್ಟಳು. ಇದೆಲ್ಲ ಹುಚ್ಚು ನಂಬಿಕೆ ಎನ್ನುವ ಧೈರ್ಯ ಶಮಶುದ್ದೀನನಿಗೆ ಹಗಲು ಇರುತ್ತಿತ್ತು, ಕತ್ತಲಾದರೆ ಇರುತ್ತಿರಲಿಲ್ಲ.

ಈಗ ಸೊಸೆ ಫಿರದೋಸಳ ಇದ್ದತ್ತು, ಅಂದರೆ ಗಂಡ ಸತ್ತವಳು ಹೊಸ್ತಿಲು ದಾಟದೆ ಕೂರುವ ದಿನಗಳು, ಮುಗಿದಿದ್ದವು. ಅವಳನ್ನು ಕರೆದೊಯ್ಯಲು ಮುದ್ದೇಬಿಹಾಳದಿಂದ ತಂದೆ ದಾವಲಮಲಿಕ ಬಂದು ಚಹಾ ಕುಡಿಯುತ್ತಿದ್ದ. ಅವಳು ಹೋಗುವ ಮೊದಲು ಶಮಶುದ್ದೀನನಿಗೆ ಒಂದೇ ಒಂದು ತಿಳಿಯಬೇಕಿತ್ತು: ಇವಳೂ ತನ್ನ ಮೇಲೆಯೇ ತಪ್ಪು ಹೊರಿಸುತ್ತಾಳೋ? ಕೇಳಲು ನಾಲಿಗೆ ಏಳಲಿಲ್ಲ. ಅವಳೇ ಬಂದು, ನೀವಿಬ್ಬರೂ ಆಡುತ್ತಿದ್ದುದನ್ನು ನನಗೊಮ್ಮೆ ಕಲಿಸಿರಿ ಎಂದಳು.

ಹೊಲದ ಬದುವಿನ ಹತ್ತಿರ ಹೆಂಟೆಯ ಮೇಲೆ ಚೆಂಡಿಟ್ಟು ಅವನು ಹೇಳಿಕೊಟ್ಟ. ಇಲ್ಲಿಂದ ಕಣದ ಕಡೆಗೆ ಉದ್ದಕ್ಕೆ ಹೊಡೆಯಬೇಕು. ಚೆಂಡು ಎಲ್ಲಿ ಬಿತ್ತೋ ಅಲ್ಲಿಂದಲೇ ಮುಂದಿನ ಹೊಡೆತ, ಕೂಳೆಯ ಸಂದಿಯಲ್ಲಿ ಸಿಕ್ಕಿಕೊಂಡರೂ ಕೈಯಿಂದ ಸರಿಸುವಂತಿಲ್ಲ. ಕುಣಿ ಸೇರುವ ತನಕ ಎಲ್ಲ ಹೊಡೆತವೂ ಲೆಕ್ಕಕ್ಕೆ ಬರುತ್ತದೆ, ಕಡಿಮೆ ಹೊಡೆದವರು ಗೆದ್ದಂತೆ. ಫಿರದೋಸ ಬೀಸಿದಳು, ಮಣ್ಣು ಹಾರಿತು, ಚೆಂಡು ಅಲ್ಲೇ ಕೂತಿತ್ತು. ಇದೂ ಲೆಕ್ಕವೇ ಎಂದು ಅವನು ನಗಿಸಲು ನೋಡಿದ. ಅವಳು ನಗಲಿಲ್ಲ.

ಹಾಗೂ ಹೀಗೂ ಇಬ್ಬರ ಚೆಂಡುಗಳೂ ಕಣ ಸೇರಿದವು. ಜೋಹರಾಬಿ ಮುಚ್ಚಿದ್ದ ಕುಣಿಯನ್ನು ಶಮಶುದ್ದೀನ ಕಳೆ ತೆಗೆಯುವ ಕುರ್ಪಿಯಿಂದ ಮತ್ತೆ ತೋಡಿದ.

"ಇನ್ನ ಮೆಲ್ಲಕ ಉರುಳಿಸಬೇಕು, ಬೇಟಿ. ಕುಣಿಯಿಂದ ದೂರ ಇದ್ದವರು ಮೊದಲ ಹೊಡಿಬೇಕು."

ಹೇಳಿದ ಮೇಲೆ ಆ ಮಾತು ಅವನ ಎದೆಗೇ ಚುಚ್ಚಿತು. ಕುಣಿಯ ಅಂಚಿನಲ್ಲಿದ್ದ ಮುದುಕ ತಾನು ಉಳಿದ, ಅಷ್ಟು ದೂರ ಇದ್ದ ಮಗ ಮೊದಲು ಹೋದ. ಅಳು ಒತ್ತರಿಸಿ ಬಂತು, ಮುಖ ತಿರುಗಿಸಿದ.

ಅವಳ ಚೆಂಡು ಉರುಳಿ ಕುಣಿಗೆ ಬಿತ್ತು. ಎತ್ತಿಕೊಡಲು ಅವನು ಬಗ್ಗಿದ.

"ಇರಲಿ ಬಿಡ್ರಿ, ಮಾವಾರ" ಎಂದಳು ಫಿರದೋಸ. "ಅವತ್ತ ಊರ ಮಂದಿ ಎಲ್ಲಾ ಅವರ ಕುಣಿಗೆ ಹಿಡಿ ಹಿಡಿ ಮಣ್ಣ ಕೊಟ್ಟ ಬಂದ್ರು. ಹೆಣ್ಣಮಕ್ಕಳು ಬರಬಾರದಂತ ನೀವು ನನ್ನ ಒಳಗ ಕೂಡ್ರಿಸಿದ್ರಿ."

ಹೌದು, ಅವತ್ತು ಬಾಗಿಲಿಗೆ ಅಡ್ಡ ನಿಂತವನು ಶಮಶುದ್ದೀನನೇ. ಕುಣಿ ತೋಡಿದ್ದಕ್ಕೆ ಬೈಯುತ್ತಾಳೆಂದು ಇಷ್ಟು ದಿನ ಹೆದರಿದ್ದ, ಈ ತಪ್ಪು ಅವನ ನೆನಪಿನಲ್ಲೇ ಇರಲಿಲ್ಲ.

ಅವಳು ಕುಕ್ಕರಗಾಲಲ್ಲಿ ಕೂತು ಹಿಡಿ ಎರೆಮಣ್ಣು ತೆಗೆದು ಚೆಂಡಿನ ಮೇಲೆ ಬಿಟ್ಟಳು. ಬಸ್ಸಿಗೆ ಹೊತ್ತಾಯಿತೆಂದು ದಾವಲಮಲಿಕ ದಾರಿಯಿಂದ ಕೂಗುತ್ತ ಹೊಲಕ್ಕೆ ಇಳಿದ. ಶಮಶುದ್ದೀನ ಕುಂಟುತ್ತ ಹೋಗಿ ಬೀಗನ ಎದುರಿಗೆ ಅಡ್ಡ ನಿಂತ.

"ಸ್ವಲ್ಪ ತಡೀರಿ" ಎಂದ. "ಮಣ್ಣ ಕೊಡಾಕತ್ತಾಳ."