ಕಾಶಪ್ಪ ಪೈಲ್ವಾನನ ಲಂಗೋಟದ ನೇಮ

ನಿಜಾಮರ ಆಳ್ವಿಕೆಯ ಕಾಲ. ಶಹಾಬಾದದ ಗರಡಿಮನೆಯ ಮುಂದಿನ ಪರಸಿಕಲ್ಲಿನ ಕಟ್ಟೆ ಸಂಜೆಯಾದರೆ ಖಾಲಿ ಇರುತ್ತಿರಲಿಲ್ಲ. ಕಲ್ಲಿನ ಖಣಿಯಿಂದ ಬಂದವರು, ಅಂಗಡಿ ಮುಚ್ಚಿ ಬಂದವರು, ಮಾಡಲು ಬದುಕೇ ಇಲ್ಲದವರು, ಎಲ್ಲರೂ ಅಲ್ಲಿ ಜಮಾಯಿಸಿ ಕಾಶಪ್ಪ ಪೈಲ್ವಾನನ ತಲೆ ತಿನ್ನುತ್ತಿದ್ದರು. ಕುಸ್ತಿ ಹಿಡಿಯುವುದು ವರ್ಷಕ್ಕೆ ನಾಲ್ಕು ಸಲ, ಜವಾಬು ಕೊಡುವುದು ಮಾತ್ರ ದಿನಾ! ಬೇಸರವೇನೂ ಅವನಿಗಿರಲಿಲ್ಲ. ಹೊಗಳಿಕೆ ಯಾರಿಗೆ ಕಹಿ?

“ಬಾದಾಮಿ ಎಷ್ಟು ತಿಂತೀರಿ ಪೈಲ್ವಾನ್ರೆ?”

“ಉಸ್ತಾದ ಕೊಟ್ಟಷ್ಟು.”

“ಕಿವಿ ಹಿಂಗ್ಯಾಕ ಮುದ್ದಿ ಆಗ್ಯಾವ?”

“ನಿಮ್ಮ ಪ್ರಶ್ನಿ ಕೇಳಿ ಕೇಳಿ.”

ಕಟ್ಟೆಯೆಲ್ಲ ನಗುತ್ತಿತ್ತು. ಇವರಿಗೆಲ್ಲ ಮುಂದಾಳು ನಾಗೇಂದ್ರಪ್ಪ, ಅಡತಿ ಅಂಗಡಿಯ ಗುಮಾಸ್ತ. ಜನ್ಮದಲ್ಲಿ ಒಂದು ದಂಡ ಹೊಡೆದವನಲ್ಲ, ಆದರೆ ಯಾವ ಕುಸ್ತಿಯಲ್ಲಿ ಯಾರು ಯಾವ ಪಟ್ಟು ಹಾಕಿದರೆಂದು ಕೇಳಿ, ಗಿಣಿಯಂತೆ ಒಪ್ಪಿಸುತ್ತಿದ್ದ. ದಸರೆಯ ಕುಸ್ತಿಯಲ್ಲಿ ವಾಡಿಯ ಭೀಮಶಾನನ್ನು ಕಾಶಪ್ಪ ಚಿತ್ ಮಾಡಿದಂದಿನಿಂದ ನಾಗೇಂದ್ರಪ್ಪನದು ಒಂದೇ ಕೊರೆತ: “ಖರೇ ಹೇಳ್ರಿ, ಇಬ್ಬರದೂ ಮೊದಲೇ ಮಾತಾಗಿತ್ತೇನು?”

“ಮಾತಾಗಿದ್ರ ನನ್ನ ಭುಜ ಯಾಕ ಕೀಳ್ತಿದ್ದ ನಾಗೇಂದ್ರಪ್ಪನೋರೆ?”

ಎಲ್ಲ ಪ್ರಶ್ನೆಗೂ ಹೀಗೆ ನಗುನಗುತ್ತ ಉತ್ತರ ಕೊಡುತ್ತಿದ್ದವನಿಗೆ ಫಾಲ್ಗುಣ ಬರುತ್ತಲೇ ಎದೆ ಡವಡವ ಅನ್ನತೊಡಗಿತು. ಕಾರಣ ಹೇಳಬೇಕೆಂದರೆ ಉಸ್ತಾದ ಮುನಾಫನ ಕಟ್ಟುಪಾಡು ಹೇಳಬೇಕು. ದೊಡ್ಡ ಕುಸ್ತಿ ಗೊತ್ತಾದರೆ ಪೈಲ್ವಾನ ನಾಗರಪಂಚಮಿಗೆ ಲಂಗೋಟ ಕಟ್ಟಬೇಕು. ಅಂದಿನಿಂದ ಕುಸ್ತಿ ಮುಗಿಯುವ ತನಕ ಊಟ, ನಿದ್ದೆ ಎಲ್ಲ ಗರಡಿಯಲ್ಲೇ. ಮನೆಯ ಹೊಸ್ತಿಲು ತುಳಿಯುವಂತಿಲ್ಲ, ಹೆಂಡತಿಯ ನೆರಳೂ ಬೀಳುವಂತಿಲ್ಲ. ನೇಮ ಮುರಿದವನಿಗೆ ಮತ್ತೆ ಗರಡಿಯ ಮಣ್ಣಿಲ್ಲ. ಅಪ್ಪ ಅವ್ವ ಇಲ್ಲದ ಕಾಶಪ್ಪನನ್ನು ತಂದು ಸಾಕಿ, ಆ ಮಣ್ಣಿನಲ್ಲೇ ಹೊರಳಾಡಿಸಿ ಬೆಳೆಸಿದವನು ಇದೇ ಉಸ್ತಾದ. ಗರಡಿ ಬಿಟ್ಟರೆ ಅವನಿಗೆ ತವರಿಲ್ಲ.

ಈ ಸಲದ ದಸರೆಯ ಕುಸ್ತಿಗೂ ಅವನು ಹಾಗೇ ಲಂಗೋಟ ಕಟ್ಟಿದ್ದ. ಆದರೆ ಭಾದ್ರಪದದಲ್ಲಿ ಹಾಲು, ಬಾದಾಮಿ, ತುಪ್ಪ ತಿಂದು ತಿಂದು ಕಾಶಪ್ಪನ ನಾಲಿಗೆ ಸತ್ತುಹೋಗಿತ್ತು. ಹೆಂಡತಿ ಅಮೃತಮ್ಮನ ಕೈಯ ಬಿಸಿರೊಟ್ಟಿ, ಪುಂಡಿಪಲ್ಯ ನೆನಪಾಗಿ ಬಾಯಲ್ಲಿ ನೀರೂರಿ, ಗರಡಿಯ ಹಿಂದಿನ ಗೋಡೆ ಹಾರಿದ. ರೊಟ್ಟಿ ತಿಂದು ಬಂದುಬಿಡುತ್ತೇನೆ ಎಂದೇ ಹೋದದ್ದು. ಪಾಪ, ಹಾಗೇ ಅಂದುಕೊಂಡಿದ್ದ. ಹೆಂಡತಿಯ ಮುಖ ನೋಡಿ ತಿಂಗಳ ಮೇಲಾಗಿತ್ತು, ಅವಳೂ ನಕ್ಕಳು, ಏನು ಮಾಡುತ್ತೀರಿ!

ಈಗ ಅಮೃತಮ್ಮನಿಗೆ ಏಳು ತಿಂಗಳು. ಹಸಿರು ಸೀರೆ ಉಡಿಸಿ ಸೀಮಂತದ ಕುಬಸ ಮಾಡಲು ದಿನ ಗೊತ್ತಾಗಿತ್ತು. ಕುಬಸವೆಂದರೆ ಊರ ಹೆಂಗಸರೆಲ್ಲ ಬರುತ್ತಾರೆ, ಬಂದವರು ಬೆರಳು ಮಡಚಿ ತಿಂಗಳು ಎಣಿಸುತ್ತಾರೆ. ಒಂದು ಮುಂಜಾನೆ ಅವಳೇ ಬಾಯಿಬಿಟ್ಟಳು.

“ಯಾರರೆ ಕೇಳಿದ್ರ ಸುಮ್ಮನಿರ್ರಿ. ಗರಡಿ ಬಿಟ್ಟು ನೀವು ಬದುಕಂಗಿಲ್ಲ. ಜನಾ ನನಗ ಏನರೆ ಅನ್ಲಿ, ನಾ ನುಂಗ್ಕೋತೀನಿ.”

ಕಾಶಪ್ಪನಿಗೆ ನಾಚಿಕೆಯಾಗಿ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೂ ಹೆಗಲಿಗೆ ವಸ್ತ್ರ ಹಾಕಿಕೊಂಡು ಹೊರಟುಬಿಟ್ಟ.

ಕುಬಸ ನಾಳೆ ಎನ್ನುವ ಸಂಜೆ ನಾಗೇಂದ್ರಪ್ಪ ಚಿತ್ತಾಪುರದಿಂದ ಕೆಂಡದಂಥ ಸಿಟ್ಟಿನಲ್ಲಿ ಬಂದ. ಅಲ್ಲಿ ವಾಡಿಯವರ ಸಂಗಡ ಜಗಳಾಡಿ ಬಂದಿದ್ದನಂತೆ.

“ಆ ಮಕ್ಕಳು ಅಂತಾರ, ನಿಮ್ಮ ಪೈಲ್ವಾನನ ನೇಮಾ ಬರೇ ತೋರಿಕೀದು, ಒಳಗೊಳಗ ಮನಿಗಿ ಹೋಗಿ ಬರ್ತಿದ್ದ ಅಂತ! ನಾ ಎದಿ ತಟ್ಟಿ ಹೇಳೀನಿ, ಪಂಚಮಿಯಿಂದ ದಸರಾ ತನಕಾ ನಮ್ಮ ಪೈಲ್ವಾನ ಮನಿ ಹೊಸ್ತಿಲಾ ತುಳಿದಿಲ್ಲ ಅಂತ. ಹೌದಿಲ್ರಿ? ಎಲ್ಲರ ಮುಂದ ಒಂದ್ ಮಾತು ಹೇಳಿಬಿಡ್ರಿ!”

ಎಂಥ ಮಂಕು ಇವನು! ನಾಳೆಯ ಕುಬಸಕ್ಕೆಂದು ಇವನ ಹೆಂಡತಿಯೇ ಕಾಶಪ್ಪನ ಮನೆಯಲ್ಲಿ ಹೋಳಿಗೆಗೆ ಹೂರಣ ಅರೆಯುತ್ತಿದ್ದಳು. ಕುಸ್ತಿಯ ಲೆಕ್ಕವೆಲ್ಲ ಬಾಯಿಪಾಠವಿದ್ದವನಿಗೆ ಈ ಲೆಕ್ಕ ಹೊಳೆದಿರಲಿಲ್ಲ. ಕಟ್ಟೆಯ ಮೂಲೆಯಲ್ಲಿದ್ದ ಮುದುಕನೊಬ್ಬನಿಗೆ ಹೊಳೆಯಿತು. ಅವನು ಬೆರಳು ಮಡಚಿದ. ಮತ್ತೊಬ್ಬ ಕೆಮ್ಮಿದ. ಕಡೆಗೆ ನಾಗೇಂದ್ರಪ್ಪನಿಗೂ ತಲೆಗೆ ಹತ್ತಿ, ಅವನ ಮುಖ ಸುಟ್ಟ ಬದನೆಕಾಯಿಯಂತಾಯಿತು.

‘ಹೌದು’ ಅಂದರೆ ಸಾಕು, ಗರಡಿ ಉಳಿಯುತ್ತದೆ. ಆದರೆ ನಾಳೆ ಹೆಂಗಸರ ನಡುವೆ ಹಸಿರು ಸೀರೆ ಉಟ್ಟು ಕೂಡುವವಳು ಅಮೃತಮ್ಮ. ಉಡಿ ತುಂಬುವ ಕೈಗಳೇ ಅವಳ ಕಡೆ ಬೆರಳು ಮಾಡುತ್ತವೆ. ಕಾಶಪ್ಪ ಎದ್ದು ನಿಂತ.

“ತುಳಿದೀನಿ. ಭಾದ್ರಪದದಾಗ ಗ್ವಾಡಿ ಹಾರಿ ಮನಿಗಿ ಹೋಗಿದ್ದೆ. ನೇಮಾ ಮುರಿದಾಂವ ನಾ. ಕೂಸು ನಂದು. ಯಾರಿಗರೆ ಏನರೆ ಕೇಳೋದಿದ್ರ ನನ್ನ ಕೇಳ್ರಿ, ಆಕಿನ್ನ ಕೇಳಬ್ಯಾಡ್ರಿ.”

ಗರಡಿಯ ಬಾಗಿಲಲ್ಲಿ ಉಸ್ತಾದ ಮುನಾಫ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

“ಗಧಾ! ನಡಿ ಮನಿಗಿ. ಈ ಮಣ್ಣು ಮುಟ್ಟಬ್ಯಾಡ ಇನ್ನ.”

ಕಾಶಪ್ಪ ಹೊಸ್ತಿಲಿಗೆ ಹಣೆ ಹಚ್ಚಿ ಮನೆಗೆ ನಡೆದ. ಎದೆ ಮಾತ್ರ ಹಗುರಾಗಿತ್ತು. ಅಮೃತಮ್ಮ ಹಣೆ ಹಣೆ ಬಡಿದುಕೊಂಡಳು, ಬೈದಳು, ಅತ್ತಳು, ಆಮೇಲೆ ರೊಟ್ಟಿ ಬಡಿದು ಬಡಿಸಿದಳು.

ಮರುದಿನ ಮನೆ ತುಂಬ ಹೆಂಗಸರು. ಕಾಶಪ್ಪ ಅಂಗಳದಲ್ಲಿ ಒಬ್ಬನೇ ಕೂತಿದ್ದಾಗ ಉಸ್ತಾದ ಬಂದ, ಜೊತೆಗೆ ಅವನ ಹೆಂಡತಿ ಆಶಾಬಿ. ಅವಳ ಕೈಯಲ್ಲಿ ಹಸಿರು ಸೀರೆ. ತವರಿನವರು ತರಬೇಕಾದ ಸೀರೆ ಅದು.

“ನನ್ನ ಮಗಳಿಗಿ ತಂದೀನಿ,” ಉಸ್ತಾದ ಗೋಡೆ ನೋಡುತ್ತ ಅಂದ. “ಈ ಗಧಾನ ಮಾರಿ ನೋಡ್ಲಿಕ್ಕ ಬಂದಿಲ್ಲ.”

ಕಾಶಪ್ಪ ಕಾಲಿಗೆ ಬಿದ್ದ. ಉಸ್ತಾದ ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ.

“ನೇಮಾ ಅಂದ್ರ ನೇಮಾ. ಕೂಸು ಹುಟ್ಟೂ ತನಕಾ ಮನ್ಯಾಗ ಕೊಳಿ. ಆಮ್ಯಾಲ ಕೂಸಿನ ಹಣಿಗಿ ಗರಡಿ ಮಣ್ಣು ಹಚ್ಚಬೇಕಲ್ಲ, ಎತಗೊಂಡು ಬರಾಂವನ್ನ ಯಾರ್ ತಡೀತಾರ?”

ಒಳಗೆ ಗದ್ದಲವೆದ್ದಿತು. ಒಡಪು ಹಾಕಿ ಗಂಡನ ಹೆಸರು ಹೇಳೆಂದು ಹೆಂಗಸರು ಅಮೃತಮ್ಮನಿಗೆ ದುಂಬಾಲು ಬಿದ್ದಿದ್ದರು. ಎಷ್ಟೋ ಮನೆಗಳಲ್ಲಿ ಅವಳನ್ನು ಹೀಗೆ ಕಾಡಿದ್ದರು, ಸೆರಗು ಕಚ್ಚಿಕೊಂಡು ತಲೆ ತಗ್ಗಿಸಿದವಳು ಒಮ್ಮೆಯೂ ಬಾಯಿ ತೆರೆದಿರಲಿಲ್ಲ. ಇಂದು ಅಂಗಳಕ್ಕೂ ಬೀದಿಗೂ ಕೇಳುವಂತೆ ಅವಳ ದನಿ ಬಂತು:

“ಗ್ವಾಡಿ ಹಾರಿ ಬಂದ ಗುಟ್ಟು ಊರ ಮುಂದ ಮುಚ್ಚಲಿಲ್ಲ,
ಕಾಶಪ್ಪನೋರ ಹೆಸರು ಹೇಳಾಕ ನನಗ ನಾಚಿಕಿಲ್ಲ!”

ಹೆಂಗಸರು ಹೋ ಎಂದು ನಕ್ಕರು. ಭೀಮಶಾ ಭುಜ ಕಿತ್ತಾಗಲೂ ಹಾ ಅನ್ನದಿದ್ದ ಪೈಲ್ವಾನ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಗಳಗಳ ಅತ್ತುಬಿಟ್ಟ.