ಮುಟ್ಟುವ ಗೆರೆ, ಚುಚ್ಚುವ ಗೆರೆ

ಅತ್ತೆ ನಿವೃತ್ತರಾದ ಮೇಲೆ ಮನೆಯಲ್ಲಿ ಯಾವ ವಸ್ತುವೂ ಇಟ್ಟ ಕಡೆ ಇರಲಿಲ್ಲ. ಪುಸ್ತಕದ ಕಪಾಟು ಬಾಗಿಲ ಪಕ್ಕದಿಂದ ಕಿಟಕಿಯ ಪಕ್ಕಕ್ಕೆ ಬಂತು, ಕಿಟಕಿಯ ಪಕ್ಕದ ಮೇಜು ಹಜಾರದ ನಡುವೆ ಬಂತು, ಮತ್ತೆ ಎರಡೂ ಬೇರೆ ಕಡೆಗೆ ಹೊರಟವು. ಗೋಡೆಯ ಕ್ಯಾಲೆಂಡರ್ ಅರ್ಧ ಬೆರಳು ವಾಲಿದ್ದರೂ ಅವರಿಗೆ ತುತ್ತು ಇಳಿಯುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಜೀವಮಾನವಿಡೀ ರೇಖಾಗಣಿತ ಕಲಿಸಿದವರು. ಮಕ್ಕಳು ಬೆನ್ನ ಹಿಂದೆ ‘ಕೈವಾರ ಮೇಡಂ’ ಎನ್ನುತ್ತಿದ್ದರು. ಅವರು ಹಲಗೆಯ ಮೇಲೆ ಬರಿಗೈಯಲ್ಲಿ ವೃತ್ತ ಎಳೆದರೆ ಗೆರೆ ಸುತ್ತಿ ಬಂದು ಹೊರಟ ಜಾಗಕ್ಕೇ ಕೂಡುತ್ತಿತ್ತು.

ಅವರ ಮಗಳು ಔಷಧಿ ಅಂಗಡಿ ನಡೆಸುವವಳು. ಒಂದು ಬೆಳಿಗ್ಗೆ ಗಂಡನನ್ನು ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು.

“ರೀ, ಅಮ್ಮನ್ನ ನಿಮ್ಮ ಜೊತೆ ಕಾಲೇಜಿಗೆ ಕರ್ಕೊಂಡು ಹೋಗಿ.”

“ಕಾಲೇಜಿಗಾ? ಅಲ್ಲಿ ಬಂದು ಏನು ಮಾಡ್ತಾರೆ?”

“ನಿಮ್ಮ ಪಾಠ ಕೇಳ್ತಾರೆ. ಕ್ಯಾಲ್ಕುಲಸ್ ಕಲೀಬೇಕು ಅಂತ ಅವರಿಗೆ ಮೊದಲಿಂದ ಆಸೆ. ನಿನ್ನೆ ಅಂಗಡಿಗೆ ಬಂದು ಮಾತ್ರೆ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಬಿಟ್ರು. ಜ್ವರದ ಮಾತ್ರೆ ಹುಡುಕೋದ್ರಲ್ಲಿ ನನಗೇ ಜ್ವರ ಬಂತು.”

ಅಳಿಯ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಹೈಸ್ಕೂಲೂ ಕಾಲೇಜೂ ಒಂದೇ ಕಾಂಪೌಂಡಿನೊಳಗೆ, ನಡುವೆ ಆಟದ ಬಯಲು ಅಷ್ಟೇ. ಅವನ ತರಗತಿಯ ಮುಕ್ಕಾಲು ಪಾಲು ಮಕ್ಕಳು ಅತ್ತೆಯ ಕೈಯಲ್ಲಿ ಕಲಿತು ಬಂದವರೇ. ಅತ್ತೆಯನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿಕೊಂಡು ಪಾಠ ಮಾಡುವುದೆಂದರೆ ಅವನಿಗೆ ಪರೀಕ್ಷೆಗೆ ಕೂತಂತೆಯೇ. ಆದರೂ ಹೂಂ ಅಂದ. ಪ್ರಿನ್ಸಿಪಾಲರಂತೂ ಕೇಳಿದ ಕೂಡಲೇ ಒಪ್ಪಿದರು. ಅವರೂ ಕೈವಾರ ಮೇಡಂ ಶಿಷ್ಯರೇ.

ಮೊದಲ ದಿನ ಸುಸೂತ್ರವಾಗಿ ಕಳೆಯಿತು. ಅತ್ತೆ ಹಿಂದಿನ ಬೆಂಚಿನ ತುದಿಯಲ್ಲಿ ನೆಟ್ಟಗೆ ಕೂತು, ತುಟಿಪಿಟಕ್ಕೆನ್ನದೆ ಎಲ್ಲವನ್ನೂ ಬರೆದುಕೊಂಡರು. ಎರಡನೆಯ ದಿನ ಸ್ಪರ್ಶಕದ, ಅಂದರೆ ವಕ್ರರೇಖೆಯನ್ನು ಮುಟ್ಟಿ ಹೋಗುವ ಗೆರೆಯ ಪಾಠ. ಮೇಷ್ಟ್ರು ಹಲಗೆಯ ಮೇಲೆ ಎಕ್ಸ್ ಕ್ಯೂಬ್‌ನ ವಕ್ರರೇಖೆ ಎಳೆದ. ಬಲಗಡೆ ಒಂದು ಬಿಂದುವಿನಲ್ಲಿ ಅದಕ್ಕೆ ಸ್ಪರ್ಶಕ ಎಳೆದು, ಗೆರೆಯನ್ನು ಹಿಂದಕ್ಕೆ ಬೆಳೆಸಿದ. ಅದು ಎಡಗಡೆ ಕೆಳಗೆ ಹೋಗಿ ಅದೇ ವಕ್ರರೇಖೆಯನ್ನು ಇನ್ನೊಂದು ಕಡೆ ಕತ್ತರಿಸಿತು.

“ಸರ್, ಅದು ಸ್ಪರ್ಶಕ ಹೇಗಾಗುತ್ತೆ? ಎರಡು ಕಡೆ ಸೇರ್ತಲ್ಲ?” ಎಂದಳು ಮುಂದಿನ ಸಾಲಿನ ಹುಡುಗಿ.

ಪ್ರತಿವರ್ಷವೂ ಯಾರಾದರೊಬ್ಬರು ಇದನ್ನು ಕೇಳುತ್ತಿದ್ದರು. ಪ್ರತಿವರ್ಷವೂ ಅವನು ಕೊಡುತ್ತಿದ್ದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ತಡೆಯುವ ಮೊದಲೇ ಜಾರಿತು.

“ಸ್ಪರ್ಶಕ ಒಂದೇ ಬಿಂದುವಿನಲ್ಲಿ ಸೇರಬೇಕು ಅಂತ ಹೈಸ್ಕೂಲಲ್ಲಿ ಯಾವ ಪುಣ್ಯಾತ್ಮರು ನಿಮ್ಮ ತಲೆಗೆ ತುಂಬಿದ್ರೋ, ಅದನ್ನ ಮೊದಲು ಗುಡಿಸಿ ಹೊರಗೆ ಹಾಕಿ!”

ಯಾರೂ ನಗಲಿಲ್ಲ. ಇಡೀ ತರಗತಿ ಮೆಲ್ಲಗೆ ಹಿಂದಿನ ಬೆಂಚಿನ ಕಡೆ ತಿರುಗಿತು. ಅತ್ತೆ ಪೆನ್ನಿನ ಮುಚ್ಚಳ ಹಾಕಿ, ಕನ್ನಡಕ ತೆಗೆದು, ಅದನ್ನು ಒರೆಸತೊಡಗಿದರು. ಮೇಷ್ಟ್ರಿಗೆ ನಿಂತ ನೆಲ ಬಾಯ್ಬಿಡಬಾರದೇ ಅನಿಸಿತು. ಉಳಿದ ಹೊತ್ತು ಅವನು ಏನು ಪಾಠ ಮಾಡಿದನೋ ಅವನಿಗೇ ನೆನಪಿಲ್ಲ.

ಮನೆಯಲ್ಲಿ ಅತ್ತೆ ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಸಿಟ್ಟಾಗಲಿಲ್ಲ. ಊಟಕ್ಕೆ ಕೂತಾಗ ಮಗಳ ಕಡೆ ನೋಡಿ, “ನಿನ್ನ ಯಜಮಾನ್ರಿಗೆ ನೀರು ಬೇಕೇನೋ ಕೇಳು,” ಅಂದರು. ಮಾರನೆಯ ದಿನ ಕಾಲೇಜಿಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೇಜಿನ ಮೇಲೆ ಹಾಳೆ ಹರಡಿಕೊಂಡು, ಸ್ಕೇಲು ಪೆನ್ಸಿಲು ಹಿಡಿದು, ಒಂದಾದ ಮೇಲೊಂದು ವಕ್ರರೇಖೆ ಎಳೆಯುತ್ತ ಕೂತರು. ಅಳಿಯ ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಜಾರಕ್ಕೆ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದ. ಪತ್ರಿಕೆ ಬಿಡಿಸಿದರೆ ಒಂದು ಸಾಲೂ ತಲೆಗೆ ಹತ್ತಲಿಲ್ಲ.

“ಹೋಗಿ ತಪ್ಪಾಯ್ತು ಅನ್ನಿ, ಮುಗೀತು,” ಎಂದಳು ಹೆಂಡತಿ.

ಅವನು ಮೇಜಿನ ಬಳಿ ಹೋದ. “ಅತ್ತೆ, ಮೊನ್ನೆ ಕ್ಲಾಸಲ್ಲಿ ನಾನು ಹಾಗೆ...”

“ಶ್! ಮೇಜು ಅಲ್ಲಾಡಿಸಬೇಡಿ, ಗೆರೆ ಕೆಡುತ್ತೆ.”

ಅವನು ಮೇಜಿನಿಂದ ಕೈ ತೆಗೆದ. ಅತ್ತೆ ಹಾಳೆಯನ್ನು ಅವನ ಕಡೆ ತಿರುಗಿಸಿದರು. ಬಟ್ಟಲಿನಂಥ ಒಂದು ಪರವಲಯ. ಅದರ ನಟ್ಟನಡುವೆ ಮೇಲಿನಿಂದ ಕೆಳಕ್ಕೆ ಇಳಿದ ಒಂದು ನೇರ ಗೆರೆ.

“ಈ ಗೆರೆ ಬಟ್ಟಲನ್ನ ಎಷ್ಟು ಕಡೆ ಸೇರುತ್ತೆ?”

“ಒಂದೇ ಕಡೆ.”

“ಸ್ಪರ್ಶಕವಾ?”

“ಅಲ್ಲ.”

“ಅಲ್ಲ. ಇದು ಮುಟ್ಟೋದಲ್ಲ, ಚುಚ್ಚೋದು.” ಅತ್ತೆ ಪೆನ್ಸಿಲನ್ನು ಮೇಜಿನ ಮೇಲಿಟ್ಟರು. “ನೀವು ತೋರಿಸಿದ್ದು ಎರಡು ಕಡೆ ಸೇರಿಯೂ ಸ್ಪರ್ಶಕವೇ. ಇದು ಒಂದೇ ಕಡೆ ಸೇರಿಯೂ ಸ್ಪರ್ಶಕ ಅಲ್ಲ. ಹಾಗಾದ್ರೆ ನಾನು ಹೇಳ್ತಿದ್ದ ಮಾತಲ್ಲಿ ಉಳಿದಿದ್ದೇನು?”

“ವೃತ್ತಕ್ಕೆ ಅದು ಸರಿಯೇ, ಅತ್ತೆ.”

“ವೃತ್ತಕ್ಕೆ ಮಾತ್ರ ಅಂತ ನಾನು ಯಾವತ್ತೂ ಹೇಳಲಿಲ್ಲವಲ್ಲ.” ಅವರು ಹಾಳೆ ಮಡಿಸಿಟ್ಟರು. “ನಾಳೆ ಬರ್ತೀನಿ. ನಿಮ್ಮ ಪಾಠದಲ್ಲೂ ನನಗೊಂದು ಅನುಮಾನ ಇದೆ.”

ಆ ಅನುಮಾನ ಏನಿರಬಹುದೆಂದು ಯೋಚಿಸುತ್ತ ಅಳಿಯ ಮಗ್ಗುಲು ಬದಲಿಸಿ ಬದಲಿಸಿ ಬೆಳಗು ಮಾಡಿದ.

ಮಾರನೆಯ ದಿನ ಅವನು ಹಲಗೆಯ ಮೇಲೆ ವಕ್ರರೇಖೆಯ ಎರಡು ಬಿಂದು ಕೂಡಿಸುವ ಗೆರೆ ಎಳೆದ. ಎತ್ತರದ ವ್ಯತ್ಯಾಸವನ್ನು ನಡುವಿನ ದೂರದಿಂದ ಭಾಗಿಸಿ ಗೆರೆಯ ಓರೆ ಲೆಕ್ಕ ಹಾಕಿದ, ದೂರ ಸೊನ್ನೆ ಅಲ್ಲ, ಆದ್ದರಿಂದ ಭಾಗಿಸಬಹುದು ಅಂದ. ಎರಡನೆಯ ಬಿಂದುವನ್ನು ಮೊದಲನೆಯದರ ಹತ್ತಿರ ಹತ್ತಿರ ತಂದ. ಕೊನೆಗೆ ಎಂದಿನಂತೆ, “ಈಗ ನಡುವಿನ ದೂರ ಸೊನ್ನೆ ಮಾಡಿದ್ರೆ ಸ್ಪರ್ಶಕ ಸಿಕ್ತು,” ಅಂದ. ಹಿಂದಿನ ಬೆಂಚಿನಲ್ಲಿ ಅತ್ತೆ ಎದ್ದು ನಿಂತರು.

“ಮೇಷ್ಟ್ರೇ, ಆ ದೂರದಿಂದ ಭಾಗಿಸುವಾಗ ಅದು ಸೊನ್ನೆ ಅಲ್ಲ ಅಂದ್ರಿ. ಭಾಗಿಸಿ ಆದ ಮೇಲೆ ಸೊನ್ನೆ ಅಂತೀರಿ. ಎರಡು ಬಿಂದು ಒಂದೇ ಆಗಿಬಿಟ್ರೆ ಆ ಒಂದು ಬಿಂದುವಿನ ಮೂಲಕ ಬೇಕಾದಷ್ಟು ಗೆರೆ ಎಳೀಬಹುದಲ್ಲ. ಅದರಲ್ಲಿ ಇದೇ ಸ್ಪರ್ಶಕ ಅಂತ ಆರಿಸಿದವರು ಯಾರು?”

ಮೇಷ್ಟ್ರು ಸೀಮೆಸುಣ್ಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಪುಸ್ತಕದ ಉತ್ತರ ಅವನಿಗೆ ಬಾಯಿಪಾಠ ಬರುತ್ತಿತ್ತು, ಆದರೆ ಅದು ಈ ಹೆಂಗಸಿನ ಮುಂದೆ ನಡೆಯುವಂಥದ್ದಲ್ಲ. ಹಲಗೆ ಒರೆಸಿದ. ಅವರು ನಂಬುವುದು ವೃತ್ತವನ್ನು ತಾನೇ, ಅಲ್ಲಿಂದಲೇ ಹೋಗೋಣ ಎಂದುಕೊಂಡು ಒಂದು ಸೊಟ್ಟ ವೃತ್ತ ಎಳೆದ. ಪರಿಧಿಯ ಮೇಲೆ ಎರಡು ಬಿಂದು ಇಟ್ಟು, ಎರಡನ್ನೂ ಕೇಂದ್ರಕ್ಕೆ ಸೇರಿಸಿದ.

“ಈ ತ್ರಿಭುಜ...”

“ಸಮದ್ವಿಬಾಹು,” ಎಂದರು ಅತ್ತೆ, ತಡೆಯಲಾರದೆ. “ಎರಡೂ ತ್ರಿಜ್ಯ. ಪಾದಕೋನಗಳು ಸಮ.”

“ಹೌದು. ಈಗ ಈ ಬಿಂದುವನ್ನ ಅದರ ಹತ್ತಿರ ತರ್ತೀನಿ. ಕೇಂದ್ರದ ಕೋನ ಚಿಕ್ಕದಾಗುತ್ತೆ. ಪಾದಕೋನ?”

“ದೊಡ್ಡದಾಗುತ್ತೆ. ಎಂಬತ್ತೈದು, ಎಂಬತ್ತೊಂಬತ್ತು...” ಮಾತಾಡುತ್ತಲೇ ಅತ್ತೆ ಬೆಂಚುಗಳ ನಡುವೆ ಮುಂದೆ ಬಂದಿದ್ದರು. “ಆದರೆ ತೊಂಬತ್ತು ಆಗಲ್ಲ. ಎರಡು ಪಾದಕೋನವೂ ತೊಂಬತ್ತಾದರೆ ತ್ರಿಭುಜವೇ ಉಳಿಯಲ್ಲ.”

“ಆಗಲ್ಲ, ಅತ್ತೆ. ಆದರೆ ತೊಂಬತ್ತಕ್ಕೆ ಎಷ್ಟು ಹತ್ತಿರ ಬೇಕು ಅಂತ ನೀವು ಕೇಳಿ, ಅಷ್ಟು ಹತ್ತಿರ ತಂದು ಕೊಡ್ತೀನಿ. ಬೇರೆ ಯಾವ ಕೋನಕ್ಕೂ ಹಾಗೆ ಮಾಡಕ್ಕಾಗಲ್ಲ. ಸೊನ್ನೆ ಮಾಡಿದೆ ಅಂತ ನಾನು ಹೇಳಿದ್ದು ತಪ್ಪು. ಯಾವುದರ ಕಡೆ ಹೋಗ್ತಾ ಇದೆ ಅಂತ ನೋಡಿದೆ, ಅಷ್ಟೇ. ತ್ರಿಜ್ಯಕ್ಕೆ ತೊಂಬತ್ತರಲ್ಲಿರೋ ಆ ಒಂದೇ ಗೆರೆಯ ಕಡೆ. ಸ್ಪರ್ಶಕವನ್ನ ಆರಿಸಿದ್ದು ಆ ಹೋಗೋ ದಾರಿ.”

ಅವನು ‘ಅತ್ತೆ’ ಎಂದದ್ದಕ್ಕೆ ಹಿಂದೆ ಯಾರೋ ಕಿಸಕ್ಕೆಂದರು. ಅತ್ತೆಗೆ ಅದು ಕೇಳಿಸಲೇ ಇಲ್ಲ. ಹಲಗೆಯ ಮುಂದೆ ನಿಂತು ಆ ತ್ರಿಭುಜವನ್ನೇ ನೋಡಿದರು. ಆಮೇಲೆ ಅವನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಅವನ ಸೊಟ್ಟ ವೃತ್ತವನ್ನು ಒರೆಸಿ, ದುಂಡಗೆ ಬೇರೆಯೊಂದನ್ನು ಎಳೆದುಕೊಟ್ಟರು.

“ಈಗ ಮುಂದುವರಿಸಿ,” ಅಂದರು.

ಅಳಿಯನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಆದರೆ ಅತ್ತೆಗೆ ಇಳಿದಿರಲಿಲ್ಲ. ಸಂಜೆ ಮನೆಗೆ ಬರುವಾಗ ರಸ್ತೆ ದಾಟುವುದನ್ನೂ ಮರೆತು ನಿಂತುಬಿಟ್ಟರು.

“ಇಷ್ಟು ವರ್ಷದ ಮಕ್ಕಳನ್ನ ಎಲ್ಲಿ ಹುಡುಕ್ಕೊಂಡು ಹೋಗಲಿ, ಅಳಿಯಂದಿರೇ?”

“ಹುಡುಕೋದ್ಯಾಕೆ? ಗಣಿತ ತಗೊಂಡವರೆಲ್ಲ ನನ್ನ ಹತ್ರ ಬರ್ತಾರೆ. ನಾನು ಸರಿಮಾಡ್ತೀನಿ. ಇನ್ಮೇಲೆ ಪುಣ್ಯಾತ್ಮರನ್ನ ಬಿಟ್ಟು.”

ಅತ್ತೆ ನಗಲಿಲ್ಲ. “ತಗೊಳ್ಳದವರು?”

ಅವನು ಎರಡೂ ಕಡೆ ನೋಡಿ ಅವರನ್ನು ರಸ್ತೆ ದಾಟಿಸಿದ.

ಮರುದಿನ ಅವರು ಕಾಲೇಜಿನ ಗೇಟಿನ ತನಕ ಅವನ ಜೊತೆ ಬಂದು, ಅಲ್ಲಿಂದ ಬಯಲು ದಾಟಿ ಹೈಸ್ಕೂಲಿಗೆ ಹೋದರು. ತಮ್ಮ ಜಾಗಕ್ಕೆ ಬಂದಿದ್ದ ಹೊಸ ಟೀಚರನ್ನು ಹತ್ತನೆಯ ತರಗತಿಯಲ್ಲಿ ಹತ್ತು ನಿಮಿಷ ಕೊಡಿ ಎಂದು ಕೇಳಿದರಂತೆ. ಹುಡುಗಿ ಪಾಪ, ಕೊಟ್ಟಳು. ಅತ್ತೆ ಪೂರ್ತಿ ಪೀರಿಯಡ್ಡು ತೆಗೆದುಕೊಂಡರು. ಮೇಷ್ಟ್ರು ತನ್ನ ತರಗತಿಯ ಕಿಟಕಿಯಿಂದ ಆ ಕಡೆಗೇ ಕಣ್ಣು ನೆಟ್ಟು ಎರಡು ಸಲ ಲೆಕ್ಕ ತಪ್ಪಿದ. ಗಂಟೆ ಹೊಡೆದದ್ದೇ ಬಯಲು ದಾಟಿ ಓಡಿದ.

ಅತ್ತೆ ಹೈಸ್ಕೂಲಿನ ಮೆಟ್ಟಿಲ ಮೇಲೆ ನಿಂತಿದ್ದರು. ಕೈತುಂಬ ಸುಣ್ಣದ ಪುಡಿ.

“ವೃತ್ತಕ್ಕೆ ಮಾತ್ರ ಅಂತ ಹೇಳಿದೆ. ಬಟ್ಟಲು ತೋರಿಸಿದೆ. ಎಲ್ಲರಿಗೂ ಅರ್ಥ ಆಯ್ತು,” ಅಂದರು. “ಅಷ್ಟರಲ್ಲಿ ಒಬ್ಬಳು ಕೇಳಿಬಿಟ್ಟಳು ನೋಡಿ: ಮೇಡಂ, ನೇರ ಗೆರೆಗೆ ಸ್ಪರ್ಶಕ ಯಾವುದು ಅಂತ. ನಾಳೆ ಹೇಳ್ತೀನಿ ಅಂದು ಬಂದಿದ್ದೀನಿ. ಯಾವುದು?”

“ಅದೇ ಗೆರೆ, ಅತ್ತೆ. ನೇರ ಗೆರೆಗೆ ಅದೇ ಸ್ಪರ್ಶಕ.”

“ಅಂದ್ರೆ ಪ್ರತಿಯೊಂದು ಬಿಂದುವಿನಲ್ಲೂ ಸೇರುತ್ತೆ?”

“ಪ್ರತಿಯೊಂದರಲ್ಲೂ.”

ಅತ್ತೆ ತಮ್ಮ ಚೀಲವನ್ನು ಅವನ ಕೈಗೆ ತುರುಕಿ, “ತಡೀರಿ, ಮುಂದಿನ ಪೀರಿಯಡ್ಡಿನ ಟೀಚರ್ ಇನ್ನೂ ಬಂದಿಲ್ಲ,” ಎನ್ನುತ್ತ ಮೆಟ್ಟಿಲು ಹತ್ತಿ ಮತ್ತೆ ಒಳಗೆ ಹೊರಟೇಬಿಟ್ಟರು.